ಕೇಸರ

ಸಂಸ್ಕೃತ ಮೂಲದ ‘ಕೇಸರ’ಕ್ಕೆ ಕೂದಲು, ಕುತ್ತಿಗೆಯ ಜೂಲು, ಹೂವಿನ ಎಳೆ ಎಂಬ ಅರ್ಥಗಳಿವೆ. ಜೂಲಿನಿಂದಾಗಿಯೇ ಸಿಂಹ ‘ಕೇಸರಿ’ಯಾಯಿತು.

ವಿಜ್ಞಾನದ ಪಠ್ಯಗಳಲ್ಲಿ ಕೇಸರವೆಂದರೆ ಹೂವಿನ ಗಂಡುಭಾಗ: ತೆಳು ದಂಡ, ಅದರ ತುದಿಯಲ್ಲಿ ಪರಾಗಕೋಶ. ಹೆಣ್ಣುಭಾಗ ಶಲಾಕೆ. ಅದರ ತುದಿಯಾದ ಶಲಾಕಾಗ್ರಕ್ಕೆ ಪರಾಗ ಅಂಟಿದರೆ ಅಲ್ಲಿಂದ ನಳಿಕೆಯೊಂದು ಮೊಳೆತು ಅಂಡಾಶಯಕ್ಕಿಳಿಯುತ್ತದೆ. ಅಂಡಾಶಯದೊಳಗಿನ ಅಂಡಕ ಬೀಜವಾಗುತ್ತದೆ, ಅಂಡಾಶಯ ಕಾಯಾಗುತ್ತದೆ. ದಾಸವಾಳದಲ್ಲಿ ಪರಾಗಕೋಶ, ಶಲಾಕಾಗ್ರಗಳೆರಡೂ ಬರಿಗಣ್ಣಿಗೇ ಕಾಣುತ್ತವೆ. ನಡುವಿನ ಉದ್ದ ಕಂಬಕ್ಕೆ ಅಂಟಿಕೊಂಡ ಹಳದಿ ಕಾಳುಗಳು ಪರಾಗಕೋಶಗಳು, ತುತ್ತತುದಿಯ ಐದು ಗುಂಡು ಚುಕ್ಕೆಗಳು ಶಲಾಕಾಗ್ರಗಳು.

ತಮಾಷೆಯೆಂದರೆ, ಅಂಗಡಿಯಲ್ಲಿ ಸಿಗುವ ಕೇಸರಿ ಮಾತ್ರ ಕೇಸರವಲ್ಲ! ಕೇಸರಿಬಾತಿಗೆ ಹಾಕುವ (ಈಗ ಹೆಚ್ಚಿನವರು ಬಣ್ಣದ ಪುಡಿಯಲ್ಲೇ ಮುಗಿಸುತ್ತಾರೆ, ಬಿಡಿ) ಆ ಕೆಂಪು ಎಳೆ ಕೇಸರಿ ಹೂವಿನ ಶಲಾಕಾಗ್ರ. ಎಳೆಯಂತೆ ಕಂಡಿದ್ದಕ್ಕೆ ಜನ ಹಳೆಯ ಹೆಸರನ್ನೇ ಇಟ್ಟರು. ಒಂದು ಹೂವಿಗೆ ಸಿಗುವುದು 3 ಎಳೆ. ಅದೇ ಹೂವಿನಲ್ಲಿ ನಿಜವಾದ ಕೇಸರಗಳೂ 3 ಇವೆ, ಹಳದಿ ಬಣ್ಣದವು. ಅವುಗಳಿಗೆ ಬೆಲೆಯಿಲ್ಲ, ಅವನ್ನು ಬೆರೆಸಿ ತೂಕ ಹೆಚ್ಚಿಸುವುದು ವ್ಯಾಪಾರದ ಹಳೆಯ ಮೋಸ. ಇಷ್ಟೆಲ್ಲ ಅಂಗಗಳಿದ್ದರೂ ಕೇಸರಿ ಗಿಡ ಬೀಜ ಕಟ್ಟುವುದಿಲ್ಲ. ಕಾಶ್ಮೀರದ ಪಾಂಪೋರಿನ ರೈತರು ಅದನ್ನು ಗೆಡ್ಡೆಯಿಂದಲೇ ಬೆಳೆಸುತ್ತಾರೆ.