ಎಂಜಿನ್ ನಿಂತರೆ ವಿಮಾನ ಕಲ್ಲಿನಂತೆ ಬೀಳುತ್ತದೆಯೇ?

ಹಾರುತ್ತಿರುವಾಗ ಎಂಜಿನ್ ಕೈಕೊಟ್ಟರೆ ವಿಮಾನ ನೇರ ನೆಲಕ್ಕೆ ಬೀಳುತ್ತದೆ ಎಂಬ ನಂಬಿಕೆ ನಮ್ಮಲ್ಲಿ ಹಲವರಿಗಿದೆ. ಇದು ನಿಜವಲ್ಲ. ವಿಮಾನವನ್ನು ಮೇಲೆ ಹಿಡಿದಿಡುವುದು ರೆಕ್ಕೆಗಳ ಸುತ್ತ ಹರಿಯುವ ಗಾಳಿ. ಆ ಹರಿವಿಗೆ ಬೇಕಾದ ವೇಗವನ್ನು ಕೊಡುವುದಷ್ಟೇ ಎಂಜಿನ್‌ನ ಕೆಲಸ.

ಎಂಜಿನ್ ನಿಂತಾಗ ಪೈಲಟ್ ವಿಮಾನದ ಮೂತಿಯನ್ನು ತುಸು ಕೆಳಗಿಳಿಸುತ್ತಾರೆ. ಇಳಿಜಾರಿನಲ್ಲಿ ಪೆಡಲ್ ತುಳಿಯದಿದ್ದರೂ ಸೈಕಲ್ ಓಡುತ್ತದಲ್ಲ, ಹಾಗೆಯೇ ವಿಮಾನವೂ ಎತ್ತರವನ್ನು ಕಳೆದುಕೊಳ್ಳುತ್ತಾ ವೇಗ ಉಳಿಸಿಕೊಳ್ಳುತ್ತದೆ. ತರಬೇತಿಗೆ ಹೆಚ್ಚಾಗಿ ಬಳಸುವ ಸೆಸ್ನಾ 172 ವಿಮಾನ, ಗಾಳಿಯ ಅಡ್ಡಿ ಇಲ್ಲದಿದ್ದರೆ, 1 ಕಿ.ಮೀ. ಎತ್ತರದಿಂದ ಸುಮಾರು 9 ಕಿ.ಮೀ. ದೂರ ತೇಲಬಲ್ಲದು. 1983ರಲ್ಲಿ ಕೆನಡಾದಲ್ಲಿ ಇಂಧನ ಮುಗಿದ ಬೋಯಿಂಗ್ 767 ವಿಮಾನವೊಂದು ಹೀಗೆಯೇ ತೇಲಿ ಗಿಮ್ಲಿ ಎಂಬಲ್ಲಿ ಇಳಿಯಿತು. ಅದರಲ್ಲಿದ್ದ 69 ಮಂದಿಯೂ ಬದುಕುಳಿದರು.

ಹಾಗಾದರೆ ಅಪಾಯ ಎಲ್ಲಿದೆ? ಇದಕ್ಕೆ ಆಗಿನ ರಾಮನಗರ ಜಿಲ್ಲೆಯಲ್ಲೇ ನಡೆದ ಒಂದು ದುರಂತವನ್ನು ನೋಡೋಣ.

2009ರ ಮಾರ್ಚ್ 6ರಂದು ಬೆಂಗಳೂರಿನ ಎನ್‌ಎಎಲ್ ರೂಪಿಸಿದ, ಎರಡು ಎಂಜಿನ್‌ಗಳ ‘ಸರಸ್’ ವಿಮಾನದ ಎರಡನೇ ಮಾದರಿ ಬಿಡದಿ ಬಳಿಯ ಶೇಷಗಿರಿಹಳ್ಳಿಯಲ್ಲಿ ಪತನವಾಯಿತು. ವಾಯುಪಡೆಯ ವಿಂಗ್ ಕಮಾಂಡರ್‌ಗಳಾದ ಪ್ರವೀಣ್ ಕೋಟೆಕೊಪ್ಪ, ದೀಪೇಶ್ ಷಾ ಮತ್ತು ಸ್ಕ್ವಾಡ್ರನ್ ಲೀಡರ್ ಇಳಯರಾಜ ಪ್ರಾಣ ಕಳೆದುಕೊಂಡರು. ಅಂದು ಎಂಜಿನ್ ತಾನಾಗಿ ಕೆಟ್ಟಿರಲಿಲ್ಲ. ಒಂದು ಎಂಜಿನ್ನನ್ನು ಬೇಕೆಂದೇ ನಿಲ್ಲಿಸಿ, ಹಾರುತ್ತಲೇ ಮತ್ತೆ ಚಾಲೂ ಮಾಡುವ ಪರೀಕ್ಷೆ ನಡೆಯುತ್ತಿತ್ತು. ವಿನ್ಯಾಸಕಾರರು ಕೊಟ್ಟ ಮರುಚಾಲನೆಯ ವಿಧಾನವೇ ತಪ್ಪಾಗಿತ್ತು, ಅದನ್ನು ಸಾಕಷ್ಟು ಎತ್ತರವಿಲ್ಲದೆ ಅನುಸರಿಸಿದ್ದರಿಂದ ವಿಮಾನ ವೇಗವಾಗಿ ಕೆಳಗಿಳಿಯಿತು ಎಂದು ತನಿಖೆ ಹೇಳಿತು.

ಇಲ್ಲಿ ಎರಡು ಸಂಗತಿಗಳನ್ನು ಗಮನಿಸಬೇಕು. ಮೊದಲನೆಯದು, ನಿಂತ ಎಂಜಿನ್ನಿನ ಪ್ರೊಪೆಲ್ಲರ್. ಅದರ ಅಲಗುಗಳ ಅಂಚು ಗಾಳಿಗೆ ಎದುರಾಗಿದ್ದರೆ ತಡೆ ಕಡಿಮೆ. ಅಲಗುಗಳ ಅಗಲ ಭಾಗ ಗಾಳಿಗೆ ತಿರುಗಿದರೆ ಅದೇ ಬ್ರೇಕ್‌ನಂತೆ ವಿಮಾನವನ್ನು ಹಿಂದಕ್ಕೆಳೆಯುತ್ತದೆ. ಎರಡನೆಯದು, ಎತ್ತರ. ವಿಮಾನದಲ್ಲಿ ಎತ್ತರವನ್ನು ಸಾಮಾನ್ಯವಾಗಿ ಸಮುದ್ರಮಟ್ಟದಿಂದ ಲೆಕ್ಕ ಹಾಕುತ್ತಾರೆ. ರಾಮನಗರದ ನೆಲವೇ ಸಮುದ್ರಮಟ್ಟದಿಂದ 2,000 ಅಡಿಗೂ ಮೇಲಿದೆ. ಆದ್ದರಿಂದ ಪೈಲಟ್‌ಗೆ ನಿಜವಾಗಿ ಸಿಗುವ ಎತ್ತರ ಅಷ್ಟು ಕಡಿಮೆ.

ಸಣ್ಣ ವಿಮಾನಗಳಲ್ಲಿ ಇನ್ನೊಂದು ತಪ್ಪೂ ಪ್ರಾಣಕ್ಕೆ ಎರವಾಗುತ್ತದೆ. ಇನ್ನಷ್ಟು ದೂರ ಹೋಗುವ ಆಸೆಗೆ ಮೂತಿಯನ್ನು ಮೇಲೆತ್ತಿದರೆ ವೇಗ ಕುಗ್ಗಿ, ರೆಕ್ಕೆಗಳು ಭಾರ ಹೊರುವ ಶಕ್ತಿ ಕಳೆದುಕೊಳ್ಳುತ್ತವೆ. ಆದ್ದರಿಂದಲೇ ರನ್‌ವೇ ತಲುಪಲಾಗದಿದ್ದರೆ ಎದುರಿಗೆ ಕಾಣುವ ಬಯಲು ಹೊಲವನ್ನೇ ಆರಿಸಿಕೊಳ್ಳಲು ಪೈಲಟ್‌ಗಳಿಗೆ ಕಲಿಸುತ್ತಾರೆ. 2023ರ ಮೇ 30ರಂದು ತಾಂತ್ರಿಕ ತೊಂದರೆಗೆ ಸಿಲುಕಿದ ತರಬೇತಿ ವಿಮಾನವೊಂದು ಬೆಳಗಾವಿಯ ಹೊನ್ನಿಹಾಳ ಬಳಿ ಹೊಲದಲ್ಲಿ ಇಳಿಯಿತು. ಒಳಗಿದ್ದ ಇಬ್ಬರೂ ಸಣ್ಣಪುಟ್ಟ ಗಾಯಗಳೊಂದಿಗೆ ಪಾರಾದರು.

ನಿಮ್ಮೂರ ಹೊಲದಲ್ಲಿ ಹೀಗೆ ವಿಮಾನ ಇಳಿದರೆ ಮೊದಲು 112ಕ್ಕೆ ಕರೆ ಮಾಡಿ. ಇಂಧನ ಸೋರುತ್ತಿರಬಹುದು, ಹತ್ತಿರ ಬೀಡಿ, ಬೆಂಕಿಕಡ್ಡಿ ಬೇಡ. ಪ್ರೊಪೆಲ್ಲರ್ ನಿಂತಿದ್ದರೂ ಅದನ್ನು ಮುಟ್ಟಬೇಡಿ.