ದಾರಿ ತಡೆದವರ ದಂಡ

ಬೀದಿಯಲ್ಲಿ ವಾಹನ ನಿಲ್ಲಿಸುವ ಕಟ್ಟಳೆಗೂ ಕನ್ನಡ ಮೇಷ್ಟರಿಗೂ ಏನು ನಂಟು ಎಂದು ಕೆಲವರಿಗಾದರೂ ಅನ್ನಿಸೀತು. ನಂಟು ಮೈಸೂರಿನಲ್ಲಿಯೇ ಇದೆ. ಅಲ್ಲಿನ ಓರಿಯಂಟಲ್ ಲೈಬ್ರರಿಯ ಆರ್. ಶಾಮಶಾಸ್ತ್ರಿಗಳು ಓಲೆಯ ಪ್ರತಿಯಿಂದ ಹೊರತೆಗೆದು 1909ರಲ್ಲಿ ಅಚ್ಚುಮಾಡಿಸಿದ ಕೌಟಿಲ್ಯನ ಅರ್ಥಶಾಸ್ತ್ರದಲ್ಲಿ ದಾರಿಗೆ ಅಡ್ಡಿಮಾಡಿದವನಿಗೆ ವಿಧಿಸಬೇಕಾದ ದಂಡದ ಪಟ್ಟಿಯೇ ಇದೆ. ಮನುಷ್ಯರೂ ಸಣ್ಣ ಪಶುಗಳೂ ನಡೆದಾಡುವ ಹಾದಿಯನ್ನು ತಡೆದರೆ 12 ಪಣ. ದೊಡ್ಡ ಪಶುಗಳ ಹಾದಿಯಾದರೆ 24. ಆನೆಯ ಹಾದಿಯೋ ಹೊಲದ ಹಾದಿಯೋ ಆದರೆ 54. ಬೀದಿಗೆ ಮಣ್ಣು ಚೆಲ್ಲಿದವನಿಗೆ ಪಣದ ಎಂಟನೆಯ ಒಂದು ಪಾಲು, ಕೆಸರುನೀರು ಕಟ್ಟಿ ನಿಲ್ಲುವಂತೆ ಮಾಡಿದವನಿಗೆ ಕಾಲು ಪಣ. ರಾಜಮಾರ್ಗವಾದರೆ ಅದರ ಇಮ್ಮಡಿ. ಹಾದಿಯ ಅಂತಸ್ತು ಏರಿದಂತೆ ದಂಡವೂ ಏರುತ್ತದೆ. ಕಾಲುನಡೆಯವನ ಹಾದಿಗೆ ಎಲ್ಲಕ್ಕಿಂತ ಕಡಿಮೆ ಬೆಲೆ ಕಟ್ಟಿದ್ದು ಮಾತ್ರ ನನಗೆ ಹಿಡಿಸಿಲ್ಲ. ಆ ಲೆಕ್ಕಾಚಾರ ಇಂದಿಗೂ ನಮ್ಮನ್ನು ಬಿಟ್ಟಂತಿಲ್ಲ: ಪಾದಚಾರಿ ಮಾರ್ಗದ ಮೇಲೆ ಸ್ಕೂಟರು ಏರಿ ನಿಂತರೆ, ಕೋಲೂರಿ ಬರುವ ಮುದುಕಿ ಬಸ್ಸುಗಳ ನಡುವೆ ಇಳಿಯಬೇಕಾಗುತ್ತದೆ.

ರೋಮಿನಲ್ಲಿ ಜೂಲಿಯಸ್ ಸೀಸರನ ಹೆಸರಿನೊಡನೆ ಬಂದ ಕಟ್ಟಳೆ ಹಗಲಿನ ಬಹುಪಾಲು ಹೊತ್ತು ಸರಕಿನ ಬಂಡಿಗಳನ್ನು ಬೀದಿಗೆ ಬಿಡುತ್ತಿರಲಿಲ್ಲ. ಬಂಡಿಗಳು ಇರುಳಲ್ಲಿ ಹೊರಟವು. ನಿದ್ದೆಗೆಟ್ಟ ನಗರವನ್ನು ಕುರಿತು ಮುಂದೆ ಜುವೆನಲ್ ಕವಿ ವಿಡಂಬನೆ ಬರೆದ.

ನಿಂತ ಹೊತ್ತಿಗೇ ಬೆಲೆ ಕಟ್ಟಿದ್ದು ನಮ್ಮ ಕಾಲದ ಮಾತು. ಅಮೆರಿಕದ ಒಕ್ಲಹೋಮಾ ಸಿಟಿಯ ಪೇಟೆಯಲ್ಲಿ ನೌಕರರು ಬೆಳಿಗ್ಗೆಯೇ ಕಾರು ತಂದು ನಿಲ್ಲಿಸಿದರೆ ತೆಗೆಯುತ್ತಿದ್ದುದು ಸಂಜೆಗೆ. ಅಂಗಡಿಗೆ ಬಂದ ಗಿರಾಕಿಗೆ ಜಾಗವಿಲ್ಲ. ಕಾರ್ಲ್ ಮೇಗೀ ಎಂಬ ಪತ್ರಿಕಾ ಸಂಪಾದಕ ಕಾಲೇಜಿನ ಇಂಜಿನಿಯರುಗಳ ನೆರವಿನಿಂದ ಮೀಟರೊಂದನ್ನು ಮಾಡಿಸಿದ. 1935ರ ಜುಲೈ 16ರಂದು ಅದರ ಕಂಬ ಬೀದಿಯಲ್ಲಿ ನಿಂತಿತು. ಐದು ಸೆಂಟಿನ ನಾಣ್ಯ ಹಾಕಿದರೆ ಒಳಗಿನ ಗಡಿಯಾರ ನಡೆಯತೊಡಗುವುದು. ಅವಧಿ ಮೀರಿದರೆ ದಂಡ. ಬೀದಿ ಎಲ್ಲರದು, ಅದಕ್ಕೆ ಬಾಡಿಗೆಯೇಕೆ ಎಂದು ಆಕ್ಷೇಪಿಸಿದವರಿದ್ದರು. ಒಬ್ಬನೇ ದಿನವಿಡೀ ಹಿಡಿದಿಟ್ಟ ಜಾಗ ಎಲ್ಲರದಾಗಿ ಉಳಿಯುವುದು ಹೇಗೆಂದು ಅವರು ಯೋಚಿಸಿದಂತೆ ಕಾಣುವುದಿಲ್ಲ.

ನಮ್ಮಲ್ಲಿ ‘ಇಲ್ಲಿ ಫಲಕವೇ ಇರಲಿಲ್ಲವಲ್ಲ’ ಎಂಬ ವಾದ ಹೆಚ್ಚು. 1988ರ ಮೋಟಾರು ವಾಹನಗಳ ಕಾಯಿದೆಯ 122ನೆಯ ಕಲಮು ಫಲಕದ ಮಾತನ್ನೇ ಎತ್ತುವುದಿಲ್ಲ. ಇತರರಿಗೆ ಅಪಾಯ, ಅಡಚಣೆ ಅಥವಾ ಮಿತಿಮೀರಿದ ತೊಂದರೆಯಾಗುವಂತೆ ವಾಹನ ನಿಂತಿದ್ದರೆ ತಪ್ಪಾಯಿತು. 127ನೆಯ ಕಲಮಿನ ಪ್ರಕಾರ ಅದನ್ನು ಎಳೆದೊಯ್ಯಬಹುದು; ಆ ಖರ್ಚು ಒಡೆಯನದೇ, ದಂಡ ಬೇರೆ. ತಿರುವು, ಪಾದಚಾರಿ ಮಾರ್ಗ, ಬಸ್ ನಿಲ್ದಾಣದ ಸಮೀಪ, ಶಾಲೆ ಆಸ್ಪತ್ರೆಗಳ ಬಾಗಿಲು, ನಿಂತ ವಾಹನದ ಮಗ್ಗುಲು, ಇವನ್ನೆಲ್ಲ 1989ರ ರಸ್ತೆ ನಿಯಮಗಳೇ ಹೆಸರಿಸಿ ನಿಷೇಧಿಸಿದ್ದವು; 2017ರಲ್ಲಿ ಅವುಗಳ ಜಾಗಕ್ಕೆ ಹೊಸ ನಿಯಮಾವಳಿ ಬಂತು. ಫಲಕವಿರುವೆಡೆ ಓದಬೇಕಾದ್ದು ಬಾಣದ ಗುರುತು ಯಾವ ಕಡೆಗೆ, ಗಂಟೆ ಎಷ್ಟರಿಂದ ಎಷ್ಟು ಎಂಬುದನ್ನು. ಕೆಲವು ಬೀದಿಗಳಲ್ಲಿ ಸಮ ತಾರೀಖಿಗೆ ಒಂದು ಬದಿ, ಬೆಸ ತಾರೀಖಿಗೆ ಇನ್ನೊಂದು ಬದಿ. ಅಲ್ಲಿ ಗಾಡಿಯಿಂದ ಇಳಿಯುವ ಮೊದಲು ಕ್ಯಾಲೆಂಡರನ್ನೂ ನೆನೆಯಬೇಕು.