ಸ್ವರದ ಸ್ಥಾಯಿ: ಕಿವಿಯಿಂದ ಮಿದುಳಿನ ನೆನಪಿನವರೆಗೆ

ಧ್ವನಿಯೊಂದು ಎಷ್ಟು ಏರಿದೆ, ಎಷ್ಟು ತಗ್ಗಿದೆ ಎಂಬ ಅನುಭವಕ್ಕೆ ಸ್ಥಾಯಿ ಎಂದು ಹೆಸರು. ಸೆಕೆಂಡಿಗೆ ಸುಮಾರು 20ರಿಂದ 20,000 ಕಂಪನಗಳವರೆಗಿನ ಶಬ್ದಗಳು ಮನುಷ್ಯನಿಗೆ ಕೇಳಿಸುತ್ತವೆ; ಕಂಪನ ಹೆಚ್ಚಿದಷ್ಟೂ ಸ್ಥಾಯಿ ಏರುತ್ತದೆ.

ಕಂಪನಗಳನ್ನು ವಿಂಗಡಿಸುವ ಕೆಲಸ ಒಳಗಿವಿಯ ಶಂಖದಾಕಾರದ ಕಾಕ್ಲಿಯಾದಲ್ಲಿ ಆರಂಭವಾಗುತ್ತದೆ. ಅದರ ಸುರುಳಿಯನ್ನು ಬಿಡಿಸಿದರೆ ಉದ್ದ ಸುಮಾರು 35 ಮಿಲಿಮೀಟರ್ ಮಾತ್ರ. ಒಳಗಿನ ಪೊರೆ ಬುಡದಲ್ಲಿ ಕಿರಿದಾಗಿ ಬಿಗಿಯಾಗಿದ್ದು, ತುದಿಯತ್ತ ಅಗಲವಾಗಿ ಸಡಿಲಗೊಳ್ಳುತ್ತದೆ. ಏರು ಸ್ವರಗಳಿಗೆ ಬುಡ, ತಗ್ಗು ಸ್ವರಗಳಿಗೆ ತುದಿ ಹೆಚ್ಚಾಗಿ ಕಂಪಿಸುತ್ತದೆ. ಪೊರೆಯ ಈ ಚಲನೆಯನ್ನು ಪ್ರಯೋಗದಿಂದ ತೋರಿಸಿದ ಹಂಗೆರಿ ಮೂಲದ ಜಾರ್ಜ್ ಫಾನ್ ಬೆಕೆಶಿ ಅವರಿಗೆ 1961ರಲ್ಲಿ ನೊಬೆಲ್ ಪಾರಿತೋಷಕ ದೊರೆಯಿತು. ಪೊರೆಯ ಮೇಲಿನ ರೋಮಕೋಶಗಳು ಕಂಪನವನ್ನು ವಿದ್ಯುತ್ ಸಂಕೇತವಾಗಿಸಿ ಶ್ರವಣನರಕ್ಕೆ ಒಪ್ಪಿಸುತ್ತವೆ. ಹಾರ್ಮೋನಿಯಂ ಮನೆಗಳಂತೆ ತಗ್ಗಿನಿಂದ ಏರಿಗೆ ಸಾಗುವ ಈ ಜೋಡಣೆ ಮಿದುಳಿನ ಶ್ರವಣ ಕೇಂದ್ರದವರೆಗೂ ಉಳಿದುಬರುತ್ತದೆ.

ಆದರೆ ಕಿವಿ ಕಳಿಸಿದ್ದನ್ನು ಮಿದುಳು ಹಾಗೆಯೇ ದಾಖಲಿಸಿಕೊಳ್ಳುವುದಿಲ್ಲ. ಹಳೆಯ ಸ್ಥಿರ ದೂರವಾಣಿಯನ್ನೇ ನೋಡಿ. ಅದು ಸಾಗಿಸುವುದು ಸುಮಾರು 300ರಿಂದ 3,400 ಕಂಪನಗಳ ಶಬ್ದವನ್ನು. ಗಂಡಸಿನ ದನಿಯ ಮೂಲ ಕಂಪನ ಸಾಮಾನ್ಯವಾಗಿ 100ರಿಂದ 150ರ ಆಸುಪಾಸು. ಅದು ತಂತಿಯಲ್ಲಿ ಬರುವುದೇ ಇಲ್ಲ. ಹಾಗೆಂದು ಅಪ್ಪನ ದನಿ ಅಮ್ಮನ ದನಿಯಂತೆ ಕೇಳಿಸದು! 300, 400, 500 ಎಂದು ಬರುವ ಉಪಸ್ವರಗಳ ವಿನ್ಯಾಸದಿಂದ ಮಿದುಳು ಕಾಣೆಯಾದ 100ನ್ನು ತಾನೇ ಕಟ್ಟಿಕೊಳ್ಳುತ್ತದೆ. ಮೂಲ ಕಂಪನ ಇದ್ದರೂ ಇಲ್ಲದಿದ್ದರೂ ಅದೇ ಸ್ಥಾಯಿಗೆ ಮಿಡಿಯುವ ನರಕೋಶಗಳನ್ನು ಅಮೆರಿಕದ ಜಾನ್ಸ್ ಹಾಪ್ಕಿನ್ಸ್ ವಿಶ್ವವಿದ್ಯಾಲಯದ ಡೇನಿಯಲ್ ಬೆಂಡರ್ ಮತ್ತು ಶಾವ್‌ಚಿನ್ ವಾಂಗ್ 2005ರಲ್ಲಿ ಮಾರ್ಮೊಸೆಟ್ ಎಂಬ ಪುಟ್ಟ ಕೋತಿಯ ಮಿದುಳಿನಲ್ಲಿ ಗುರುತಿಸಿದರು.

ಇನ್ನು ನೆನಪಿನ ವಿಚಾರ. 1970ರಲ್ಲಿ ಮನೋವಿಜ್ಞಾನಿ ಡಯಾನಾ ಡಾಯ್ಚ್ ಕೆಲವು ಸೆಕೆಂಡುಗಳ ಅಂತರದಲ್ಲಿ ಎರಡು ಸ್ವರ ಕೇಳಿಸಿ, ಎರಡೂ ಒಂದೆಯೇ ಎಂದು ವಿಚಾರಿಸಿದರು. ನಡುವೆ ಯಾರೋ ಅಂಕಿಗಳನ್ನು ಓದಿದರೆ ಕೇಳುಗರು ಅಷ್ಟಾಗಿ ತಪ್ಪಲಿಲ್ಲ. ಬೇರೆ ಸ್ವರಗಳನ್ನು ನುಡಿಸಿದರೆ ಮಾತ್ರ ತಡಬಡಾಯಿಸಿದರು. ಸ್ವರಗಳ ನೆನಪಿಗೆ ಮಾತಿನ ನೆನಪಿಗಿಂತ ಪ್ರತ್ಯೇಕವಾದ ವ್ಯವಸ್ಥೆಯಿದೆ ಎಂಬುದಕ್ಕೆ ಇದು ಆಧಾರವಾಯಿತು. ದೀರ್ಘಕಾಲ ಉಳಿಯುವುದು ಬಹುಪಾಲು ಸ್ವರಗಳ ನಡುವಣ ಸಂಬಂಧವೇ. ಗಾಯಕ ಬೇರೆ ಶ್ರುತಿ ಹಿಡಿದರೂ ಮೋಹನ ಮೋಹನವಾಗಿಯೇ ಕೇಳಿಸುವುದು ಇದರಿಂದ. ಆಧಾರ ಸ್ವರವಿಲ್ಲದೆ ಯಾವ ಸ್ವರವನ್ನೂ ಹೆಸರಿಸಬಲ್ಲವರು ಅಪರೂಪ. ಅಚ್ಚರಿಯೆಂದರೆ, 1994ರಲ್ಲಿ ಡೇನಿಯಲ್ ಲೆವಿಟಿನ್ ಪ್ರಕಟಿಸಿದ ಅಧ್ಯಯನದಲ್ಲಿ, ನೆಚ್ಚಿನ ಹಾಡನ್ನು ನೆನಪಿನಿಂದ ಹಾಡಿದ ವಿದ್ಯಾರ್ಥಿಗಳಲ್ಲಿ ಅನೇಕರು ಮೂಲ ಧ್ವನಿಮುದ್ರಣದ ಸ್ಥಾಯಿಗೆ ತೀರ ಹತ್ತಿರವಿದ್ದರು.

ಮಿದುಳಿಗೆ ಸಂಕೇತ ಒಪ್ಪಿಸುವ ಒಳಸಾಲಿನ ರೋಮಕೋಶಗಳು ಕಿವಿಯೊಂದಕ್ಕೆ ಸುಮಾರು 3,500. ನಷ್ಟವಾದರೆ ಮನುಷ್ಯನಲ್ಲಿ ಅವು ಮತ್ತೆ ಹುಟ್ಟುವುದಿಲ್ಲ. ವಯಸ್ಸಾದಂತೆ ಸಾಮಾನ್ಯವಾಗಿ ಬುಡದವೇ ಮೊದಲು ಹೋಗುವುದರಿಂದ ಹಿರಿಯರಿಗೆ ದನಿ ಕೇಳಿಸಿದರೂ 'ಸ', 'ಶ'ಗಳು ತಪ್ಪಿಹೋಗುತ್ತವೆ. ಪೂರ್ಣ ಕಿವುಡಾದವರಿಗೆ ಅಳವಡಿಸುವ ಕಾಕ್ಲಿಯರ್ ಇಂಪ್ಲಾಂಟ್‌ನಲ್ಲಿ ಆ ಸಾವಿರಾರು ಕೋಶಗಳ ಕೆಲಸವನ್ನು ಹೆಚ್ಚೆಂದರೆ ಇಪ್ಪತ್ತು ಚಿಲ್ಲರೆ ವಿದ್ಯುದ್ವಾರಗಳು ಮಾಡಬೇಕು. ಮಾತು ಅನೇಕರಿಗೆ ಚೆನ್ನಾಗಿ ತಿಳಿಯುತ್ತದೆ. ಹಾಡನ್ನು ಮಾತ್ರ ಅವರು ಬಹುಮಟ್ಟಿಗೆ ತಾಳದಿಂದ, ಸಾಹಿತ್ಯದಿಂದ ಗುರುತಿಸಬೇಕಾಗುತ್ತದೆ.